ಯೊಸೆಮಿಟಿ ಚಾರಣ: ಆಹಾರವನ್ನು ಮರಕ್ಕೆ ತೂಗುಹಾಕಿದರೆ ಸಾಲದೇ, ಕರಡಿ ಡಬ್ಬಿಯೇ ಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಐದು ರಾತ್ರಿಗಳ ಚಾರಣಕ್ಕೆ ನಾವಿಬ್ಬರು ಸಿದ್ಧತೆ ನಡೆಸಿದ್ದೇವೆ. ಕರಡಿಗಳಿಂದ ಆಹಾರವನ್ನು ಕಾಪಾಡುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಬರಿದಾಗಿರುವಾಗಲೇ ಒಂದು ಕಿಲೋಗಿಂತ ಹೆಚ್ಚು ತೂಗುತ್ತದೆ, ಬೆನ್ನುಚೀಲದಲ್ಲಿ ಬೇರೇನಕ್ಕೂ ಜಾಗ ಉಳಿಸುವುದಿಲ್ಲ. ಅದನ್ನು ಬಿಟ್ಟು, ಚೀಲವನ್ನು ಹಗ್ಗದಿಂದ ಎತ್ತರದ ಕೊಂಬೆಗೆ ತೂಗುಹಾಕಿದರೆ ಸಾಲದೇ? ಡಬ್ಬಿಯೇ ಬೇಕೆಂದಾದರೆ, ಮೊದಲ ರಾತ್ರಿ ಅದರಲ್ಲಿ ಹಿಡಿಸದ ಪದಾರ್ಥಗಳನ್ನು ಟೆಂಟಿನೊಳಗೆ ಇಟ್ಟುಕೊಳ್ಳಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1

ಯೊಸೆಮಿಟಿಯಲ್ಲಿ ಆಹಾರವನ್ನು ಮರಕ್ಕೆ ತೂಗುಹಾಕುವುದು ನಿಯಮಬಾಹಿರ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಬೇರೆ ಉತ್ತರವಿಲ್ಲ. ನಿಯಮದ ಹಿಂದಿನ ಕಾರಣವನ್ನೂ ಹೇಳುತ್ತೇನೆ. ಅಲ್ಲಿರುವುದು ಕಪ್ಪು ಕರಡಿಗಳು ಮಾತ್ರ (ಮೈಬಣ್ಣ ಎಷ್ಟೋ ಸಲ ಕಂದು ಇರುವುದರಿಂದ ನೋಡಿದವರು ಗ್ರಿಜ್ಲಿ ಎಂದು ಗಾಬರಿಯಾಗುತ್ತಾರೆ, ಆದರೆ ಗ್ರಿಜ್ಲಿಗಳು ಕ್ಯಾಲಿಫೋರ್ನಿಯಾದಿಂದ 1920ರ ದಶಕದಲ್ಲೇ ಕಣ್ಮರೆಯಾದವು). ಕಪ್ಪು ಕರಡಿ ಮರ ಹತ್ತುವುದರಲ್ಲಿ ನಿಸ್ಸೀಮ. ಹಗ್ಗವನ್ನು ಕಚ್ಚಿ ತುಂಡರಿಸುವುದು, ತನ್ನ ಭಾರ ತಾಳದ ತೆಳು ಕೊಂಬೆಯ ಮೇಲೆ ಮರಿಯನ್ನು ಕಳುಹಿಸುವುದು, ಇವೆಲ್ಲವನ್ನೂ ಅಲ್ಲಿನ ಕರಡಿಗಳು ಕಲಿತುಬಿಟ್ಟಿವೆ. 1998ರಲ್ಲಿ ಆ ಒಂದೇ ಉದ್ಯಾನದಲ್ಲಿ 1,500ಕ್ಕೂ ಹೆಚ್ಚು ಕರಡಿ ಪ್ರಕರಣಗಳು ದಾಖಲಾಗಿದ್ದವು. ಆ ಸಂಖ್ಯೆ ನಂತರ ಬಹಳವಾಗಿ ಇಳಿದದ್ದರಲ್ಲಿ ಲೋಹದ ಲಾಕರುಗಳು ಮತ್ತು ಈ ಡಬ್ಬಿಗಳ ಪಾಲು ದೊಡ್ಡದು. ಮನುಷ್ಯರ ಆಹಾರದ ರುಚಿ ಹತ್ತಿ ಧೈರ್ಯ ಬೆಳೆಸಿಕೊಂಡ ಕರಡಿಯನ್ನು ಕೊನೆಗೆ ಅಧಿಕಾರಿಗಳೇ ಕೊಲ್ಲಬೇಕಾಗಿ ಬರುವುದುಂಟು. ಆದ್ದರಿಂದ ಡಬ್ಬಿ ಉಳಿಸುವುದು ನಿಮ್ಮ ಊಟವನ್ನಷ್ಟೇ ಅಲ್ಲ. ಡಬ್ಬಿಯನ್ನು ಕೊಳ್ಳಲೇಬೇಕೆಂದಿಲ್ಲ, ಚಾರಣದ ಪರವಾನಗಿ ಪಡೆಯುವ ಕೇಂದ್ರಗಳಲ್ಲಿ ಬಾಡಿಗೆಗೂ ಸಿಗುತ್ತದೆ.

ಉತ್ತರ 2

ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಟೆಂಟಿನೊಳಗೆ ಒಂದು ತುಣುಕೂ ಬೇಡ. ವಾಸನೆ ತಡೆಯುವುದೆಂದು ಮಾರುವ ಪ್ಲಾಸ್ಟಿಕ್ ಚೀಲಗಳನ್ನು ನಂಬಿ ಹಾಗೆ ಮಾಡುವವರಿದ್ದಾರೆ, ಆದರೆ ಕರಡಿಯ ಮೂಗಿನ ಮುಂದೆ ಅವುಗಳ ಮೇಲೆ ಭರವಸೆ ಇಡುವುದು ವಿವೇಕವಲ್ಲ.

ಜಾಗದ ಲೆಕ್ಕವನ್ನು ಸ್ವಲ್ಪ ಬೇರೆ ರೀತಿಯಲ್ಲಿ ಹಾಕಿ ನೋಡಿ. ಮೊದಲ ದಿನ ದಾರಿಯಲ್ಲಿ ತಿನ್ನುವುದು ಮತ್ತು ಆ ರಾತ್ರಿಯ ಊಟ ಡಬ್ಬಿಯ ಹೊರಗೇ ಪ್ರಯಾಣ ಮಾಡಬಹುದು, ಏಕೆಂದರೆ ಮಲಗುವ ಹೊತ್ತಿಗೆ ಅವು ಮುಗಿದಿರುತ್ತವೆ. ಉಳಿದದ್ದು ಮಾತ್ರ ಒಳಗೆ ಹಿಡಿಸಿದರೆ ಸಾಕು. ದೊಡ್ಡ ಅಳತೆಯ ಡಬ್ಬಿಗಳಲ್ಲಿ ಸುಮಾರು 10ರಿಂದ 11.5 ಲೀಟರ್ ಜಾಗವಿರುತ್ತದೆ, ಆದ್ದರಿಂದ ಐದು ರಾತ್ರಿಗೆ ತಲಾ ಒಂದು ಎಂದು ಇಟ್ಟುಕೊಂಡರೆ ಕಷ್ಟವಾಗದು. ಅಂಗಡಿಯ ಪೊಟ್ಟಣಗಳನ್ನೆಲ್ಲ ಬಿಚ್ಚಿ, ಪದಾರ್ಥಗಳನ್ನು ತೆಳುವಾದ ಚೀಲಗಳಿಗೆ ವರ್ಗಾಯಿಸಿ, ಗಾಳಿಯನ್ನು ಒತ್ತಿ ತೆಗೆದು, ಕೊನೆಯ ದಿನದ ಆಹಾರ ತಳದಲ್ಲಿರುವಂತೆ ತುಂಬಿ. ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್, ತುಟಿಗೆ ಹಚ್ಚುವ ಮುಲಾಮು, ಖಾಲಿ ಪೊಟ್ಟಣಗಳ ಕಸ, ಇವೂ ಒಳಗೇ ಇರಬೇಕು. ತುಂಬುವಾಗ ಹೆಚ್ಚಿನವರು ಮರೆಯುವುದು ಇವುಗಳನ್ನೇ. ಲಿಟಲ್ ಯೊಸೆಮಿಟಿ ವ್ಯಾಲಿಯ ಶಿಬಿರತಾಣದಲ್ಲಿ ಲೋಹದ ಲಾಕರುಗಳಿವೆ, ನಿಮ್ಮ ಮೊದಲ ರಾತ್ರಿ ಅಲ್ಲಿಯೇ ಆದರೆ ಹಿಡಿಸದ್ದನ್ನು ಅದರಲ್ಲಿ ಇಡಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂದೇಹ: ಅರ್ಸ್ಯಾಕ್ ಎಂಬ, ಕರಡಿ ಹರಿಯಲಾರದ ಬಟ್ಟೆಯ ಚೀಲ ಬಹಳ ಹಗುರವಂತೆ. ಅದಕ್ಕೆ ಅಧಿಕೃತ ಪ್ರಮಾಣಪತ್ರವೂ ಇದೆಯಂತಲ್ಲ?

ಉತ್ತರ 3

ಪ್ರಮಾಣಪತ್ರ ಇರುವುದು ನಿಜ. ಮೊಂಟಾನಾದ ವೆಸ್ಟ್ ಯೆಲ್ಲೋಸ್ಟೋನ್‌ನಲ್ಲಿ ಸಾಕಿರುವ ಗ್ರಿಜ್ಲಿಗಳ ಮುಂದೆ ಇಂತಹ ವಸ್ತುಗಳನ್ನಿಟ್ಟು, ಕಚ್ಚಿ ಪರಚುವ ಅವುಗಳ ಪ್ರಯತ್ನವನ್ನು 60 ನಿಮಿಷ ತಾಳಿಕೊಳ್ಳುತ್ತವೆಯೇ ಎಂದು ಪರೀಕ್ಷಿಸುತ್ತಾರೆ. ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಬೇರೆ, ನೀವು ಹೋಗುವ ಉದ್ಯಾನ ಅನುಮತಿಸುವುದು ಬೇರೆ. ಯೊಸೆಮಿಟಿ ಈ ಚೀಲವನ್ನು ಒಪ್ಪುವುದಿಲ್ಲ. ಒಪ್ಪುವ ಕಡೆಗಳಲ್ಲಿಯೂ ಬಟ್ಟೆ ಹರಿಯದಿದ್ದರೂ ಒಳಗಿನ ಆಹಾರ ಜಜ್ಜಿಹೋಗಿ, ಕರಡಿಯ ಜೊಲ್ಲಿನಲ್ಲಿ ನೆನೆದಿರುತ್ತದೆ ಎಂಬುದನ್ನು ನೆನಪಿಡಿ. ಹಾಗೆಂದು ಗಟ್ಟಿ ಡಬ್ಬಿಯೂ ಅಜೇಯವೇನಲ್ಲ. ನ್ಯೂಯಾರ್ಕ್ ರಾಜ್ಯದ ಅಡಿರಾಂಡ್ಯಾಕ್ ಬೆಟ್ಟಗಳಲ್ಲಿ ಯೆಲ್ಲೋ-ಯೆಲ್ಲೋ ಎಂದು ಹೆಸರಾಗಿದ್ದ ಹೆಣ್ಣು ಕರಡಿಯೊಂದು ಜನಪ್ರಿಯ ಡಬ್ಬಿಯೊಂದರ ಮುಚ್ಚಳ ತೆರೆಯುವುದನ್ನು ಕಲಿತುಕೊಂಡು, ತಯಾರಕರು ವಿನ್ಯಾಸವನ್ನೇ ಬದಲಿಸುವಂತೆ ಮಾಡಿತ್ತು.

ಇಲ್ಲಿ ಇನ್ನೂ ಯಾರೂ ಹೇಳದ ವಿಷಯವೆಂದರೆ ಡಬ್ಬಿಯನ್ನು ಇಡುವ ಜಾಗ. ಟೆಂಟಿನಿಂದ ಕನಿಷ್ಠ 30 ಮೀಟರ್ ದೂರದಲ್ಲಿ, ಸಮತಟ್ಟಾದ ನೆಲದ ಮೇಲೆ ಇಡಿ. ಕಡಿದಾದ ಇಳಿಜಾರಿನ ಅಂಚಿನಲ್ಲಿ ಅಥವಾ ತೊರೆಯ ಬಳಿ ಇಟ್ಟರೆ, ಕರಡಿ ಅದನ್ನು ಉರುಳಿಸಿಬಿಟ್ಟಾಗ ನಿಮಗೆ ಮತ್ತೆ ಸಿಗುವುದಿಲ್ಲ. ಹಗ್ಗದಿಂದ ಕಟ್ಟಲೂಬಾರದು, ಬೆನ್ನುಚೀಲದೊಳಗೆ ಬಿಡಲೂಬಾರದು, ಏಕೆಂದರೆ ಕರಡಿಗೆ ಹಿಡಿದೆಳೆಯಲು ಏನಾದರೂ ಸಿಕ್ಕರೆ ಹೊತ್ತೊಯ್ಯುವುದು ಸುಲಭವಾಗುತ್ತದೆ. ಅಡುಗೆ ಮಾಡುತ್ತಿರುವಾಗಲೂ ಬೇಕಾದದ್ದನ್ನು ತೆಗೆದುಕೊಂಡ ಕೂಡಲೇ ಮುಚ್ಚಳವನ್ನು ಪೂರ್ತಿ ಬಿಗಿಯಿರಿ. ಅರೆತೆರೆದ ಡಬ್ಬಿ ಎಷ್ಟೇ ಗಟ್ಟಿಯಾಗಿದ್ದರೂ ಉಪಯೋಗವಿಲ್ಲ. ಬಾಡಿಗೆಗೆ ಪಡೆಯುವ ಡಬ್ಬಿಗಳಲ್ಲಿ ಕೆಲವಕ್ಕೆ ಮುಚ್ಚಳದ ತಿರುಪನ್ನು ತಿರುಗಿಸಲು ನಾಣ್ಯ ಬೇಕಾಗುತ್ತದೆ. ಒಂದೆರಡನ್ನು ಜೇಬಿನಲ್ಲಿಟ್ಟುಕೊಂಡು ಹೊರಡಿ.