ಪದಚರ್ಚೆ: ಡಿಸ್ಕಿನೀಸಿಯಾಗೂ ‘ನಡುಕ’ ಅನ್ನಬಹುದೇ?

ಗೆಳೆಯರೇ, ನನಗೆ ಒಂದು ಪದ ಬೇಕಾಗಿದೆ.

ಅಮ್ಮನಿಗೆ ಪಾರ್ಕಿನ್ಸನ್ ಕಾಯಿಲೆ. ಲೆವೊಡೋಪಾ ಮಾತ್ರೆ ಶುರುವಾಗಿ 7 ವರ್ಷ ಆಯಿತು. ಈಗೀಗ ಮಾತ್ರೆ ನುಂಗಿ ಒಂದು ಗಂಟೆ ಕಳೆಯುವಷ್ಟರಲ್ಲಿ ಕುತ್ತಿಗೆ, ಹೆಗಲು, ಸೊಂಟ ತಾವಾಗಿಯೇ ಹೊರಳಾಡಲು ತೊಡಗುತ್ತವೆ. ಡಾಕ್ಟರು ಇದನ್ನು ಡಿಸ್ಕಿನೀಸಿಯಾ ಅನ್ನುತ್ತಾರೆ. ನಾವು ಮನೆಯಲ್ಲಿ ಇದನ್ನೂ ‘ನಡುಕ’ ಅಂತಲೇ ಕರೆಯುತ್ತಿದ್ದೆವು. ಎಡವಟ್ಟಾಗಿದ್ದು ಅಲ್ಲೇ. ಫೋನಿನಲ್ಲಿ ‘ನಡುಕ ಜಾಸ್ತಿ ಆಗಿದೆ’ ಅಂದೆ. ಮಾತ್ರೆ ಏರಿಸಿದರು. ಹೊರಳಾಟ ಇನ್ನೂ ಜೋರಾಯಿತು. ಅಮ್ಮನಿಗೆ ಕೂತು ಉಣ್ಣಲೂ ಆಗಲಿಲ್ಲ.

ಎರಡೂ ಬೇರೆ ಬೇರೆ. ಪಾರ್ಕಿನ್ಸನ್ ನಡುಕ ಸುಮ್ನೆ ತೊಡೆಯ ಮೇಲಿಟ್ಟ ಕೈಯಲ್ಲಿ ಕಾಣುತ್ತದೆ. ಸೆಕೆಂಡಿಗೆ 4ರಿಂದ 6 ಸಲ, ಒಂದೇ ಲಯ. ಡಿಸ್ಕಿನೀಸಿಯಾಗೆ ಲಯವಿಲ್ಲ. ಅದು ಸಾಮಾನ್ಯವಾಗಿ ಬರುವುದು ಮದ್ದು ಚೆನ್ನಾಗಿ ಹಿಡಿದಿರುವಾಗ. ಕೆಲವರಿಗೆ ಮದ್ದು ಏರುವಾಗ, ಇಳಿಯುವಾಗಲೂ ಬರುತ್ತದೆ. ನಡುಕಕ್ಕೆ ಮದ್ದು ಹೆಚ್ಚಿಸಬೇಕಾಗಬಹುದು. ಡಿಸ್ಕಿನೀಸಿಯಾಗಾದರೆ ಒಂದೊಂದು ಹೊತ್ತಿನ ಮದ್ದನ್ನು ತಗ್ಗಿಸಿ ಹೆಚ್ಚು ಸಲ ಹಂಚಿ ಕೊಡುತ್ತಾರೆ, ಇಲ್ಲವೇ ಅಮಂಟಡೀನ್ ಎಂಬ ಇನ್ನೊಂದು ಮದ್ದು ಸೇರಿಸುತ್ತಾರೆ. ಡಾಕ್ಟರನ್ನು ಕೇಳದೆ ಲೆವೊಡೋಪಾ ನಿಲ್ಲಿಸುವುದಂತೂ ಅಪಾಯ.

ಈಗ ಮೈ ಹೇಗಿದೆ ಅಂತ ಅರ್ಧರ್ಧ ಗಂಟೆಗೊಮ್ಮೆ ಗುರುತು ಹಾಕುವ ಒಂದು ಹಾಳೆ ಮಾಡುತ್ತಿದ್ದೇನೆ. ಅಮ್ಮನೇ ತುಂಬಬೇಕು. ಡಾಕ್ಟರುಗಳು ಹೇಳುವ ‘ಆನ್’, ‘ಆಫ್’ ಬದಲು ‘ಮದ್ದು ಹಿಡಿದಿದೆ’, ‘ಮದ್ದು ಇಳಿದಿದೆ’ ಅಂತ ಬರೆದೆ. ಅವರಿಗೆ ತಕ್ಷಣ ಹೊಳೆಯಿತು. ಬೆಳಿಗ್ಗೆ ಮದ್ದು ಇಳಿದಿರುವಾಗ ಕಾಲ್ಬೆರಳು ನೋವಿನಿಂದ ಮಡಚಿಕೊಳ್ಳುತ್ತದಲ್ವಾ, ಡಿಸ್ಟೋನಿಯಾ, ಅದಕ್ಕೆ ‘ಮುರುಟು’ ಸಾಕು. ಸಿಕ್ಕಿಬಿದ್ದಿರುವುದು ಡಿಸ್ಕಿನೀಸಿಯಾದ ಸಾಲಿನಲ್ಲಿ.

‘ಅನೈಚ್ಛಿಕ ಚಲನೆ’ ಬರೆಯಬಹುದು. ಆದರೆ ನಡುಕವೂ ಅನೈಚ್ಛಿಕವೇ ಅಲ್ವಾ? ಗೊಂದಲ ಹಾಗೇ ಉಳಿಯುತ್ತದೆ. ‘ಅದುರು’ ನಡುಕದ ಅಣ್ಣತಮ್ಮ. ‘ತೂರಾಟ’ ಅಂದರೆ ಕುಡಿದವರ ನೆನಪು ಬರುತ್ತದೆ. ‘ಕುಣಿತ’ವೂ ಬೇಡ. ಇಂಥ ಚಲನೆಗೆ ಹೇಳುವ ಕೊರಿಯಾ ಎಂಬ ಪದ ಗ್ರೀಕಿನಲ್ಲಿ ಕುಣಿತವೇ, ನಿಜ. ಆದರೂ ಅಮ್ಮನ ಮೈಗೆ ಆ ಪದ ಅಂಟಿಸಲು ನನಗೆ ಮನಸ್ಸಿಲ್ಲ. ‘ಒದ್ದಾಟ’ದಲ್ಲಿ ಸಂಕಟ ಜಾಸ್ತಿ. ಎಷ್ಟೋ ಜನ ಮೈ ಮರಗಟ್ಟಿ ಕೂರುವುದಕ್ಕಿಂತ ಸ್ವಲ್ಪ ಹೊರಳಾಟವೇ ವಾಸಿ ಅನ್ನುತ್ತಾರೆ. ಅಮ್ಮನೂ ಹಾಗೇ ಅನ್ನುತ್ತಾರೆ. ಹಾಗಾಗಿ ಹೆದರಿಸುವ ಪದ ಬೇಡ.

ನನಗೆ ಹತ್ತಿರ ಅನಿಸಿದ್ದು ಎರಡು. ‘ತೊನೆತ’: ತೆನೆ ತೊನೆಯುತ್ತದೆ ಅನ್ನುತ್ತೇವೆ, ತೂಗುವ ಬಳುಕುವ ಅರ್ಥವಿದೆ. ಆದರೆ ಕೇಳಲು ತೀರಾ ಹಿತವಾಗಿದೆ. ‘ನುಲಿತ’: ಹಗ್ಗ ನುಲಿಯುವ, ಹೊಟ್ಟೆ ನುಲಿಯುವ ಪದ. ಮೈ ತಿರುಚಿಕೊಳ್ಳುವುದು ಸರಿಯಾಗಿ ಬರುತ್ತದೆ, ಓಲಾಟ ಬರುವುದಿಲ್ಲ. ‘ಮದ್ದಿನ ಹೊರಳಾಟ’ ಅಂದರೆ ಹೇಗೆ? ಕಾರಣವೂ ಹೆಸರಿನಲ್ಲೇ ಇರುತ್ತದೆ. ಆದರೆ ‘ಹೊರಳು’ ಅಂದಾಗ ನೆಲದಲ್ಲಿ ಉರುಳುವುದೇ ಮೊದಲು ಕಣ್ಣಿಗೆ ಬರುತ್ತದೆಯೇ?

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಈ ತೊಂದರೆ ಇದ್ದರೆ, ಅನುಭವಿಸುವವರು ತಾವೇ ಏನನ್ನುತ್ತಾರೆ ಅಂತ ದಯವಿಟ್ಟು ತಿಳಿಸಿ. ನಿಘಂಟಿನ ಪದಕ್ಕಿಂತ ಅದೇ ನನಗೆ ಮುಖ್ಯ. ಹಾಳೆಯಲ್ಲಿ ಆ ಸಾಲನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.