ಬೀನ್ಸ್‌ಗೆ ಕೆಂಪು ನುಸಿ: ಅದನ್ನು ತಿನ್ನುವ ಹುಳ ಎಲ್ಲಿ ಸಿಗುತ್ತದೆ?

ಪ್ರಶ್ನೆ (ಶನಿವಾರಸಂತೆ ಕಡೆಯ ರೈತರು): ಮೇಡಂ, ನಮಸ್ತೆ. ಭತ್ತ ಕೊಯ್ದ ಗದ್ದೆಯಲ್ಲಿ ಅರ್ಧ ಎಕರೆ ಬೀನ್ಸ್ ಹಾಕಿದ್ದೇನೆ. ಎಲೆ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ, ಅಡಿಯಲ್ಲಿ ಸಣ್ಣ ಬಲೆ. ಸೈಪರ್‌ಮೆಥ್ರಿನ್ ಎಂಬ ಕೀಟನಾಶಕ ಎರಡು ಸಲ ಹೊಡೆದೆ. ಮೊದಲಿಗಿಂತ ಜಾಸ್ತಿಯಾಯಿತು! ನುಸಿ ತಿನ್ನುವ ಹುಳ ತಂದು ಬಿಡಬೇಕೆಂದಿದ್ದೇನೆ. ಎಲ್ಲಿ ಸಿಗುತ್ತದೆ?

ಉತ್ತರ (ಕೀಟ ತಜ್ಞೆ): ನಮಸ್ತೆ ಅಣ್ಣ. ದುಡ್ಡು ಕೊಟ್ಟು ತರುವ ಮೊದಲು ಆ ಔಷಧಿ ನಿಲ್ಲಿಸಿ. ಅದು ನುಸಿಗಿಂತ, ನುಸಿ ತಿನ್ನುವ ಹುಳಗಳನ್ನೇ ಹೆಚ್ಚು ಕೊಲ್ಲುತ್ತದೆ. ಎಲೆಯಲ್ಲಿ ಅದರ ಅಂಶ ಇರುವಾಗ ಹೊರಗಿಂದ ತಂದು ಬಿಟ್ಟವೂ ಉಳಿಯುವುದಿಲ್ಲ. 30 ಡಿಗ್ರಿ ಸೆಕೆಯಲ್ಲಿ ನುಸಿಯ ಮೊಟ್ಟೆ ಸುಮಾರು ಒಂದು ವಾರಕ್ಕೆ ಬೆಳೆದ ನುಸಿಯಾಗುತ್ತದೆ. ತಡೆಯುವವರಿಲ್ಲದಿದ್ದರೆ ಏರುತ್ತಲೇ ಹೋಗುತ್ತದೆ, ಅಲ್ವಾ?

ಈಗ ಬಲೆ ಕಟ್ಟಿದ ಕೆಳಗಿನ ಎಲೆಗಳನ್ನು ಕಿತ್ತು ಚೀಲಕ್ಕೆ ಹಾಕಿ, ಹೊರಗೆ ಒಯ್ದು ಸುಡಿ. ಬೆಳಿಗ್ಗೆ ಎಲೆಯ ಅಡಿಗೆ ಬೀಳುವ ಹಾಗೆ ಬರೀ ನೀರನ್ನು ಜೋರಾಗಿ ಹೊಡೆಯಿರಿ. ಸಂಜೆ ಬೇಡ, ರಾತ್ರಿಯಿಡೀ ಎಲೆ ಒದ್ದೆಯಿದ್ದರೆ ತುಕ್ಕು ರೋಗ ಬರುತ್ತದೆ. ಗದ್ದೆ ರಸ್ತೆ ಪಕ್ಕದಲ್ಲಿದ್ದರೆ ಧೂಳು ಕೂತ ಸಾಲನ್ನು ಮೊದಲು ನೋಡಿ. ನುಸಿ ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ.

ಪ್ರಶ್ನೆ: ಒಳ್ಳೆಯ ಹುಳ ಯಾವುದೆಂದು ಗೊತ್ತಾಗುವುದು ಹೇಗೆ ಮೇಡಂ? ಗುಲಗಂಜಿ ಹುಳುವೇ?

ಉತ್ತರ: ಕೆಂಪು ಬೆನ್ನಿನ ದೊಡ್ಡ ಗುಲಗಂಜಿ ಹುಳುಗಳ ಮುಖ್ಯ ಊಟ ಗಿಡಹೇನು. ನುಸಿ ತಿನ್ನುವ ಗುಲಗಂಜಿ ಬೇರೆ, ಅದರ ಹೆಸರು ಸ್ಟೆಥೋರಸ್. ಕಪ್ಪು ಬಣ್ಣ, ಸಾಸಿವೆ ಕಾಳಿನಷ್ಟು ದಪ್ಪ. ಕಪ್ಪಗಿದೆ ಎಂದು ಸುಮ್ನೆ ಹೊಸಕಿ ಹಾಕಬೇಡಿ, ದಯವಿಟ್ಟು.

ಇನ್ನೊಂದು, ಬೇಟೆ ನುಸಿ, ಅಂದರೆ ಬೇರೆ ನುಸಿಗಳನ್ನು ಹಿಡಿದು ತಿನ್ನುವ ನುಸಿ. ನನಗೆ ಹೆಚ್ಚು ಭರವಸೆ ಇದರ ಮೇಲೆಯೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಎಲೆಯ ಅಡಿ ನೋಡಿ. ಬೆನ್ನ ಮೇಲೆ ಎರಡು ಕಪ್ಪು ಮಚ್ಚೆ ಇದ್ದು, ನಿಧಾನಕ್ಕೆ ಸರಿಯುವುದು ಶತ್ರು. ಹೊಳೆಯುವ ಮೈ, ಉದ್ದ ಕಾಲು, ಒಂದೆಡೆ ನಿಲ್ಲದೆ ಓಡಾಡುವುದು ಬೇಟೆ ನುಸಿ. ಮೊಟ್ಟೆಯಲ್ಲೂ ವ್ಯತ್ಯಾಸವಿದೆ: ಶತ್ರುವಿನದು ಗುಂಡಗೆ, ಬೇಟೆ ನುಸಿಯದು ಸ್ವಲ್ಪ ದೊಡ್ಡದು, ಉದ್ದುದ್ದ. ಹತ್ತು ನುಸಿಗೆ ಒಂದು ಬೇಟೆ ನುಸಿ ಕಂಡರೂ ಏನೂ ಹೊಡೆಯದೆ ಕಾಯಬಹುದು. ಔಷಧಿ ಹೊಡೆಯದ ಹಿತ್ತಲಿನ ಅವರೆ, ಬದನೆಯಲ್ಲೂ ಹುಡುಕಿ. ಅಲ್ಲಿ ಸಿಕ್ಕರೆ ಆ ಎಲೆಗಳನ್ನು ತಂದು ಬೀನ್ಸ್ ಎಲೆಗಳ ಮೇಲೆ ಇಡಿ. ಅವೇ ದಾಟಿಕೊಳ್ಳುತ್ತವೆ. ಆದರೆ ಔಷಧಿ ಹೊಡೆದು ಹಲವು ವಾರ ಕಳೆದಿರಲಿ.

ಇನ್ನೊಬ್ಬರು: ನಮ್ಮ ಹಸಿಮೆಣಸಿಗೂ ಇದೇ ಮಾಡಬಹುದಾ ಅಕ್ಕ? ಎಲೆ ಮುದುರಿದೆ, ಬಲೆ ಇಲ್ಲ.

ಉತ್ತರ: ಎಲೆಯ ಅಂಚು ಕೆಳಕ್ಕೆ ಮಡಚಿದ್ದರೆ ಅದು ಹಳದಿ ನುಸಿ ಇರಬಹುದು. ಅದು ಬಲೆ ಕಟ್ಟುವುದಿಲ್ಲ, ಚಿಗುರಲ್ಲೇ ಇರುತ್ತದೆ. ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ ಇರಬಹುದು. ಎರಡಕ್ಕೂ ಉಪಾಯ ಬೇರೆ. ನಾಲ್ಕು ಚಿಗುರು ಕಿತ್ತು, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ. ಅಲ್ಲಿಯವರೆಗೆ ಏನೂ ಹೊಡೆಯಬೇಡಿ.