ಜಪಾನೀ ಕಲಿಯೋಕೆ, ಸಮುರಾಯ್‌ಗಳ ಬಗ್ಗೆ ಓದೋಕೆ ಯಾವ ಪುಸ್ತಕ?

ಕೇಳಿದವರು: ಡಿಸೆಂಬರ್‌ನಲ್ಲಿ ಜೆಎಲ್‌ಪಿಟಿ ಎನ್5 (ಜಪಾನೀ ಭಾಷಾ ಪರೀಕ್ಷೆಯ ಮೊದಲ ಮೆಟ್ಟಿಲು) ಬರೆಯೋಣ ಅಂತಿದ್ದೇನೆ. ಕ್ಲಾಸಿಗೆ ಹೋಗೋಕೆ ಟೈಮಿಲ್ಲ, ಪುಸ್ತಕವೇ ಗತಿ. ಜೊತೆಗೆ ಸಮುರಾಯ್ ಹುಚ್ಚು ಬೇರೆ. ನೀವು ಓದಿದ್ದನ್ನೇ ಹೇಳಿ ಪ್ಲೀಸ್.

ರಾತ್ರಿ ಪಾಳಿ: ನಾನು 'ಮಿನ್ನಾ ನೊ ನಿಹೊಂಗೊ' ತಂದು ಪೆಚ್ಚಾದೆ. ಪಾಠವೆಲ್ಲ ಬರೀ ಜಪಾನೀಯಲ್ಲೇ. ಅರ್ಥ, ವ್ಯಾಕರಣದ ಪುಸ್ತಕ ಬೇರೆ ಕೊಳ್ಳಬೇಕು. ಒಬ್ಬರೇ ಕೂತು ಕಲಿಯೋದಾದರೆ 'ಗೆಂಕಿ' ವಾಸಿ. ಮೊದಲ ಭಾಗದ 12 ಪಾಠ ಎನ್5ಗೆ ಸಾಕು. ಹಿರಗಾನ ಅನ್ನೋ ಮೂಲ ಲಿಪಿಯ 46 ಅಕ್ಷರ ಮೊದಲೇ ಕಲಿತುಬಿಡಿ.

ಅತ್ತಿಗೆ: ಅಕ್ಷರಕ್ಕೆ ಹೆದರಬೇಡಿ. ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ನಮ್ಮ ವರ್ಣಮಾಲೆಯ ಜಾಡೇ ಅಲ್ವಾ? ಬೌದ್ಧರ ಜೊತೆ ಸಂಸ್ಕೃತ ಬರೆಯೋ ಸಿದ್ಧಂ ಲಿಪಿ ಜಪಾನಿಗೆ ಹೋದಾಗ ಈ ಕ್ರಮವೂ ಹೋಯ್ತು. ಇನ್ನು 'ಗೆಂಕಿ'ಯ ಇಂಗ್ಲಿಷ್ ವಿವರಣೆ ಓದಿ ತಲೆಕೆಟ್ಟರೆ, ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ. 'ತಬೆತೆ ಮಿರು' ಅಂದರೆ ತಿಂದು ನೋಡೋದು. 'ಮಿರು' ಅಂದರೂ ನೋಡೋದೇ! 'ತಬೆತೆ ಶಿಮತ್ತ' ಅಂದರೆ ತಿಂದುಬಿಟ್ಟೆ. 'ಕತ್ತೆ ಓಕು' ಅಂದರೆ (ನಗಬೇಡಿ) ಮುಂದಕ್ಕೆ ಬೇಕಾಗುತ್ತೆ ಅಂತ ಕೊಂಡಿಡೋದು. ಇಂಗ್ಲಿಷ್‌ನಲ್ಲಿ ಇದಕ್ಕೆ ಒಂದು ಪ್ಯಾರಾ ಬೇಕು, ನಮಗೆ 'ಇಡು' ಸಾಕು. 'ಇಕು ತೊ ಇತ್ತ', ಹೋಗ್ತೀನಿ ಅಂತ ಅಂದ. ಆ 'ತೊ' ನಮ್ಮ 'ಅಂತ'. ನನ್ನ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಜಪಾನೀ, ಬಲಕ್ಕೆ ಕನ್ನಡ, ಅಷ್ಟೇ. ನಾಮಪದದ ಹಿಂದೆ ಬರೋ 'ವಾ', 'ಗಾ' ಪ್ರತ್ಯಯ ಎರಡರ ವ್ಯತ್ಯಾಸಕ್ಕೆ ಮಾತ್ರ ಕನ್ನಡ ಕೈಕೊಡುತ್ತೆ. ಅಲ್ಲಿ ಪುಸ್ತಕವನ್ನೇ ನಂಬಿ.

ಅರ್ಧಕ್ಕೆ ಬಿಟ್ಟವನು: ಜಪಾನಿನ ಸರ್ಕಾರಿ ಪಟ್ಟಿಯಲ್ಲಿ 2,136 ಕಾಂಜಿ (ಚೀನಾದಿಂದ ಬಂದ ಚಿತ್ರಾಕ್ಷರ) ಇವೆ. ಎಲ್ಲ ಕಲಿತೇ ಓದೋದು ಅಂತ ಹಟ ಹಿಡಿದು, ಬಿಡಿ ಅಕ್ಷರಗಳನ್ನೇ ಉರು ಹೊಡೆದೆ. 300 ದಾಟುವ ಹೊತ್ತಿಗೆ ಮೊದಲ 100 ಮರೆತಿತ್ತು. ಪದದ ಜೊತೆಗೇ ಕಲಿಯಿರಿ.

ಹಳೇ ಪುಸ್ತಕದಂಗಡಿ ಗಿರಾಕಿ: ಸಮುರಾಯ್ ಅಂದ ಕೂಡಲೇ ಎಲ್ಲರೂ ನಿತೊಬೆ ಇನಾಜೊ ಅವರ 'ಬುಷಿಡೊ' ಕೈಗೆ ಕೊಡ್ತಾರೆ. ಅದು 1900ರದು. ಅವರು ಅಮೆರಿಕದಲ್ಲಿದ್ದಾಗ, ಪಶ್ಚಿಮದವರಿಗೆ ಅಂತ ಇಂಗ್ಲಿಷ್‌ನಲ್ಲೇ ಬರೆದದ್ದು. ಅಷ್ಟರಲ್ಲಿ ಸಮುರಾಯ್‌ಗಳ ಕಾಲವೇ ಮುಗಿದಿತ್ತು, ಕತ್ತಿ ಕಟ್ಟಿಕೊಂಡು ಓಡಾಡೋದನ್ನು ಸರ್ಕಾರ 1876ರಲ್ಲೇ ನಿಷೇಧಿಸಿತ್ತು. ಓದಿ, ಆದರೆ ಅದರಿಂದ ಶುರು ಮಾಡಬೇಡಿ. ನನ್ನ ಮಾತು ಕೇಳಿದರೆ ಕತ್ಸು ಕೊಕಿಚಿಯ ಆತ್ಮಕಥೆ ಹಿಡಿಯಿರಿ. ಇಂಗ್ಲಿಷ್‌ನಲ್ಲಿ 'ಮುಸುಯಿಸ್ ಸ್ಟೋರಿ' ಅಂತ ಸಿಗುತ್ತೆ. 1843ರಲ್ಲಿ ಬರೆದದ್ದು. ಎದೊ ಪಟ್ಟಣದ (ಈಗಿನ ಟೋಕಿಯೊ) ಬಡ ಸಮುರಾಯ್ ಈತ. ಹುಡುಗನಾಗಿದ್ದಾಗ ಮನೆಬಿಟ್ಟು ಓಡಿ ಭಿಕ್ಷೆ ಬೇಡಿದ, ದೊಡ್ಡವನಾದ ಮೇಲೆ ಕತ್ತಿ ದಲ್ಲಾಳಿ, ಬೀದಿ ಜಗಳ. ಇವನ ಕಾಟ ತಾಳಲಾರದೆ ಅಪ್ಪನೇ ಪಂಜರ ಮಾಡಿಸಿ ವರ್ಷಗಟ್ಟಲೆ ಕೂಡಿಹಾಕಿದ. ಯುದ್ಧವೇ ಇಲ್ಲದ ಕಾಲದಲ್ಲಿ ಕತ್ತಿ ಕಟ್ಟಿಕೊಂಡವನ ದಿನ ಹೇಗೆ ಕಳೀತಿತ್ತು ಅಂತ ಇಷ್ಟು ನೇರವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಕೇಳಿದವರು: ಹಾಗಾದ್ರೆ ಸಮುರಾಯ್ ನೀತಿಮಾತುಗಳ 'ಹಗಾಕುರೆ' ಬೇಡ್ವಾ ಸರ್? ಆಗಲೇ ಆರ್ಡರ್ ಹಾಕಿಬಿಟ್ಟೆ.

ಹಳೇ ಪುಸ್ತಕದಂಗಡಿ ಗಿರಾಕಿ: ಬರಲಿ ಬಿಡಿ. ಸಾವಿನ ಮಾತು ಅದರಲ್ಲಿ ಜಾಸ್ತಿ, ಆದರೆ ಅದನ್ನು ಹೇಳಿದ ಯಮಮೊತೊ ತ್ಸುನೆತೊಮೊ ಒಂದು ಯುದ್ಧವನ್ನೂ ಮಾಡಿದವನಲ್ಲ. 1700ರಲ್ಲಿ ಒಡೆಯ ತೀರಿಕೊಂಡಾಗ ಜೊತೆಗೆ ಸಾಯೋಕೂ ಕಾನೂನು ಬಿಡಲಿಲ್ಲ, ಸನ್ಯಾಸಿಯಾದ. ಕೊಕಿಚಿಯನ್ನು ಮುಗಿಸಿ ಆಮೇಲೆ ಇದನ್ನು ತೆಗೆಯಿರಿ.

ಅತ್ತಿಗೆ: ಎನ್5 ಮುಗಿಸಿ ಆಮೇಲೆ ಎರಡನ್ನೂ ತೆಗೀರಿ ಮಾರಾಯ್ರೆ!